ಮೆಕಾರ್ಟ್ನಿಯ ಪಿಟೀಲು ಬೇಸ್ ಬಿಟ್ಟರೆ ಬೇರೆ ಯಾವ ಬೇಸ್ ಗಿಟಾರ್ ಜನಕ್ಕೆ ಗೊತ್ತು?

ನಾಲ್ಕುತಂತಿ
ವಾದ್ಯ ನುಡಿಸದ, ಸುಮ್ನೆ ಹಾಡು ಕೇಳುವ ಜನರ ಬಗ್ಗೆ ಕೇಳುತ್ತಿದ್ದೇನೆ. ಅವರ ಮುಂದೆ ಪ್ರಸಿದ್ಧ ಬೇಸ್ ಗಿಟಾರ್‌ಗಳ (ಮಾಮೂಲಿ ಗಿಟಾರಿಗೆ ಆರು ತಂತಿ, ತಗ್ಗು ಸ್ವರದ ಇದಕ್ಕೆ ಸಾಮಾನ್ಯವಾಗಿ ನಾಲ್ಕು) ಫೋಟೋ ಹರಡಿದರೆ ಎಷ್ಟನ್ನು ಗುರುತು ಹಿಡಿಯುತ್ತಾರೆ? ಒಂದೇ ಷರತ್ತು. ನುಡಿಸುವವರ ಮುಖ ಕಾಣಬಾರದು, ಬರೀ ವಾದ್ಯ ಇರಬೇಕು.

ನನ್ನ ಪ್ರಕಾರ ಒಂದೇ ಒಂದು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಯ ಹೋಫ್ನರ್ 500/1, ಪಿಟೀಲಿನ ಆಕಾರದ್ದು. ಅದನ್ನು ನೋಡಿ ‘ಬೀಟಲ್ಸ್ ಗಿಟಾರ್ ಅಲ್ವಾ’ ಅನ್ನುವವರು ಸಿಗುತ್ತಾರೆ. ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸ್ 1951ರಿಂದ ಇದೆ. ನಾವು ಕೇಳಿ ಬೆಳೆದ ಎಷ್ಟೋ ಹಾಡುಗಳ ಅಡಿಯಲ್ಲಿ ಗುಂಯ್‌ಗುಡುವುದು ಅದೇ. ಆದರೂ ಫೋಟೋ ತೋರಿಸಿದರೆ ‘ಯಾವುದೋ ಗಿಟಾರ್’ ಅಂತಾರೆ. ಒಪ್ಪದವರು ಇನ್ನೊಂದು ಹೆಸರು ಹೇಳಿ, ವಾದ ಮಾಡೋಣ.

ಸುಮ್ನೆಓದುಗ
ಬೇಸ್ ಗಿಟಾರೇ ಬೇರೆ, ಗಿಟಾರೇ ಬೇರೆ ಅಂತ ಎಷ್ಟು ಜನಕ್ಕೆ ಗೊತ್ತು ಅಂತ ಮೊದಲು ಕೇಳಿ ಸ್ವಾಮಿ.

ಆರ್ಕೆಸ್ಟ್ರಾ ರಾಜ
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಹಾಸನ, ಚಿಕ್ಕಮಗಳೂರು ಕಡೆ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದವನು ನಾನು. ಹಾಡು ಮುಗಿದ ಮೇಲೆ ಸ್ಟೇಜ್ ಹತ್ತಿರ ಬಂದು ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಅಣ್ಣ, ಎರಡು ತಂತಿ ಕಿತ್ತುಹೋಗಿದ್ಯಾ?’ ಒಬ್ಬ ಹಿರಿಯರು ಇನ್ನೂ ಮುಂದೆ ಹೋಗಿ, ತಂತಿ ಹಾಕಿಸಿಕೊಳ್ಳಪ್ಪ ಅಂತ ಜೇಬಿಗೆ ಕೈ ಹಾಕಿದ್ದರು. ದುಡ್ಡು ತಗೊಂಡೆ ಅನ್ನೋದು ಬೇರೆ ವಿಷಯ.

ನಮ್ಮ ಜಾಗ ಯಾವಾಗಲೂ ಡ್ರಮ್ಸ್ ಪಕ್ಕ, ಹಿಂದುಗಡೆ. ಗಾಯಕರ ಮೇಲೆ ಲೈಟು, ನಮ್ಮ ಮೇಲೆ ಸೊಳ್ಳೆ. ಹೀಗಿರುವಾಗ ನಮ್ಮ ಕೈಯಲ್ಲಿರುವ ವಾದ್ಯದ ಕಂಪನಿ, ಮಾಡೆಲ್ ಯಾರು ನೋಡುತ್ತಾರೆ? ಈಗಂತೂ ಕೀಬೋರ್ಡಿನವನೇ ಎಡಗೈಯಲ್ಲಿ ಬೇಸ್ ಬಾರಿಸಿಬಿಡುತ್ತಾನೆ. ಇಲ್ಲ ಅಂದರೆ ಟ್ರ್ಯಾಕ್ ಹಾಕುತ್ತಾರೆ.

ಹಳೇಕ್ಯಾಸೆಟ್
ಆರ್ಕೆಸ್ಟ್ರಾ ರಾಜ ಅವರೇ, ಆ ಹಿರಿಯರು ಕೊಟ್ಟದ್ದು ಎಷ್ಟು?

ಆರ್ಕೆಸ್ಟ್ರಾ ರಾಜ
ಟೀ, ಬೋಂಡಾಕ್ಕೆ ಆಯ್ತು ಸಾರ್.

ಟೊರಾಂಟೊ ಕನ್ನಡಿಗ
ಹೋಫ್ನರ್ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಜನ ಗುರುತಿಸುವುದು ಅದನ್ನು ನುಡಿಸಿದ ಮನುಷ್ಯನನ್ನು. ಆ ಮಾಡೆಲ್ ಹುಟ್ಟಿದ್ದು ಜರ್ಮನಿಯಲ್ಲಿ, 1950ರ ದಶಕದ ಮಧ್ಯದಲ್ಲಿ. ಮೆಕಾರ್ಟ್ನಿ ಕೈಗೆ ಬರುವ ತನಕ ಅದು ಸಾಮಾನ್ಯ ವಾದ್ಯ. ಅವರು 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡರು. ಫೆಂಡರ್ ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಜೊತೆಗೆ ಅವರು ಎಡಗೈಯವರು. ಮಾಮೂಲಿ ಗಿಟಾರ್ ತಿರುಗಿಸಿ ಹಿಡಿದರೆ ದೇಹದಿಂದ ಚಾಚಿರುವ ಕೊಂಬು ಮೇಲೆ ಕೆಳಗೆ ಆಗಿ ವಿಕಾರವಾಗಿ ಕಾಣುತ್ತೆ. ಪಿಟೀಲಿನ ಆಕಾರ ಎರಡೂ ಕಡೆ ಒಂದೇ ಥರ, ಹಾಗಾಗಿ ಆ ತೊಂದರೆ ಇಲ್ಲ. ಈ ಎರಡು ಕಾರಣಕ್ಕೆ ಕೊಂಡ ವಾದ್ಯ ಇಡೀ ಬ್ಯಾಂಡಿನ ಗುರುತಾಗಿಬಿಟ್ಟಿತು.

ಮಲೆನಾಡ್ ಮೆಟಲ್
ಅಂದ್ರೆ ಎಡಗೈಯವರಿಗೆ ಅಂತಲೇ ಮಾಡಿದ ಬೇಸ್ ಸಿಗದೆ, ಬಲಗೈದನ್ನು ತಿರುಗಿಸಿ ನುಡಿಸಿದರು. ಹಾಗೆ ಕೇಳಿದ ನೆನಪು.

ಟೊರಾಂಟೊ ಕನ್ನಡಿಗ
ಇಲ್ಲ, ಅವರ ಹೋಫ್ನರ್ ಎಡಗೈಯವರಿಗೆ ಅಂತ ಮಾಡಿದ್ದೇ. ತಿರುಗಿಸಿದರೂ ಚೆಂದ ಕಾಣುವ ಆಕಾರ ಅಂತ ಮನಸ್ಸು ಸೋತದ್ದು ನಿಜ, ಕೊನೆಗೆ ಕೈಗೆ ಬಂದದ್ದು ಅಸಲಿ ಎಡಗೈ ವಾದ್ಯ.

ಮಲೆನಾಡ್ ಮೆಟಲ್
ಸರಿ ಬಿಡಿ, ಬೀಟಲ್ಸ್ ಪುರಾಣ ಸಾಕು. ಕಿಸ್ ಬ್ಯಾಂಡಿನ ಜೀನ್ ಸಿಮನ್ಸ್ ಹಿಡಿಯುವ ಕೊಡಲಿ ಬೇಸ್ ಮರೆತುಬಿಟ್ರಾ? ಅದನ್ನು ಒಮ್ಮೆ ನೋಡಿದವರು ಸಾಯೋ ತನಕ ಮರೆಯಲ್ಲ. ಮುಖಕ್ಕೆ ಬಣ್ಣ, ಉದ್ದ ನಾಲಿಗೆ, ಕೈಯಲ್ಲಿ ಕೊಡಲಿ.

ನಾಲ್ಕುತಂತಿ
ಮುಖ ಕಾಣಬಾರದು ಅಂತ ಷರತ್ತು ಹಾಕಿದ್ದೆ. ನೀವು ನಾಲಿಗೆಯನ್ನೂ ಸೇರಿಸಿದ್ದೀರಿ! ಅದನ್ನೆಲ್ಲ ತೆಗೆದು ಬರೀ ಕೊಡಲಿ ಇಟ್ಟರೆ ‘ಇದು ಕೊಡಲಿ’ ಅಂತಾರೆ ಗುರು.

ಮಲೆನಾಡ್ ಮೆಟಲ್
ಹಾಗಾದರೆ ಹೋಫ್ನರ್ ಇಟ್ಟರೂ ‘ಇದು ಪಿಟೀಲು’ ಅಂತಾರೆ. ನಿಮ್ಮ ಷರತ್ತು ನಿಮಗೇ ತಿರುಗುಬಾಣ.

ಪಿಯುಸಿ ಪಾಸ್
ಅಂಕಲ್‌ಗಳೇ, ಎಲ್ಲರೂ 1960ರಲ್ಲೇ ಕೂತಿದ್ದೀರಲ್ಲ 😄 ಕೊಡಲಿ ಬೇಸ್ ಅಂದ ತಕ್ಷಣ ನನ್ನ ವಯಸ್ಸಿನವರಿಗೆ ನೆನಪಾಗುವುದು ಕಿಸ್ ಅಲ್ಲ, ‘ಅಡ್ವೆಂಚರ್ ಟೈಮ್’ ಕಾರ್ಟೂನಿನ ಮಾರ್ಸೆಲಿನ್. ಅವಳದ್ದು ಕೆಂಪು ಕೊಡಲಿ, ಅದೇ ಬೇಸ್. ಇನ್ನು ಅನಿಮೆ ನೋಡುವವರನ್ನು ಕೇಳಿ. ‘ಕೆ-ಆನ್’ನ ಮಿಯೊ ನುಡಿಸುವುದು ಎಡಗೈಯವರ ಫೆಂಡರ್ ಜ್ಯಾಝ್ ಬೇಸ್. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಜೀವಮಾನದಲ್ಲಿ ಗಿಟಾರ್ ಮುಟ್ಟಿಲ್ಲ, ಆದರೆ ಜ್ಯಾಝ್ ಬೇಸ್ ಫೋಟೋ ನೋಡಿ ‘ಇದು ಮಿಯೊದು’ ಅಂತಾಳೆ.

ಸುಮ್ನೆಓದುಗ
ಅಂಕಲ್ ಅಂದಿದ್ದು ಬೇಜಾರಾಯ್ತು. ಪಾಯಿಂಟ್ ಮಾತ್ರ ಚೆನ್ನಾಗಿದೆ.

ಹಳೇಕ್ಯಾಸೆಟ್
ಪಿಯುಸಿ ಪಾಸ್ ಹೇಳಿದ್ದನ್ನು ತಳ್ಳಿಹಾಕಬೇಡಿ. 2009ರಲ್ಲಿ ಬೀಟಲ್ಸ್ ಹೆಸರಿನ ‘ರಾಕ್ ಬ್ಯಾಂಡ್’ ವಿಡಿಯೋ ಗೇಮ್ ಬಂದಾಗ ಅದರ ದುಬಾರಿ ಪೆಟ್ಟಿಗೆಯಲ್ಲಿ ಹೋಫ್ನರ್ ಆಕಾರದ ಪ್ಲಾಸ್ಟಿಕ್ ಕಂಟ್ರೋಲರ್ ಕೊಟ್ಟರು. ತಂತಿಯ ಬದಲು ಬಣ್ಣದ ಬಟನ್. ಒಂದು ತಲೆಮಾರಿನ ಮಕ್ಕಳಿಗೆ ಆ ಆಕಾರ ಗೊತ್ತಾಗಲು ಅದೂ ಒಂದು ದಾರಿ.

ನನ್ನ ಲಿಸ್ಟಿಗೆ ಇನ್ನೊಂದು ಸೇರಿಸಿ. ಕ್ಲ್ಯಾಶ್ ಬ್ಯಾಂಡಿನ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನ ಕವರ್. ಒಬ್ಬ ಬಗ್ಗಿ ನೆಲಕ್ಕೆ ಗಿಟಾರ್ ಅಪ್ಪಳಿಸುತ್ತಿರುವ ಕಪ್ಪು ಬಿಳುಪು ಫೋಟೋ. ಟೀ ಶರ್ಟ್ ಮೇಲೆ, ಪೋಸ್ಟರ್ ಮೇಲೆ, ಎಲ್ಲ ಕಡೆ ಇದೆ. 2010ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಅದರ ಸ್ಟಾಂಪನ್ನೂ ತಂದಿತ್ತು.

ಸುಮ್ನೆಓದುಗ
ಅದು ಗಿಟಾರ್ ಒಡೆಯುವ ಫೋಟೋ. ನಾವು ಮಾತಾಡುತ್ತಿರುವುದು ಬೇಸ್ ಬಗ್ಗೆ.

ಹಳೇಕ್ಯಾಸೆಟ್
ನೋಡಿ, ಬಲೆಗೆ ಬಿದ್ದರು! ಅದು ಬೇಸೇ. ಫೆಂಡರ್ ಪ್ರಿಸಿಶನ್. ಒಡೆಯುತ್ತಿರುವವರು ಆ ಬ್ಯಾಂಡಿನ ಬೇಸ್ ವಾದಕ ಪಾಲ್ ಸಿಮೊನನ್, ನ್ಯೂಯಾರ್ಕಿನ ಪಲೇಡಿಯಂ ಸಭಾಂಗಣದಲ್ಲಿ, 1979ರ ಸೆಪ್ಟೆಂಬರ್‌ನಲ್ಲಿ. ಫೋಟೋ ತೆಗೆದವರು ಪೆನ್ನಿ ಸ್ಮಿತ್. ಆ ಮುರಿದ ಬೇಸನ್ನು 2019ರಲ್ಲಿ ಲಂಡನ್ನಿನ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಜಗತ್ತಿನ ಅತಿ ಹೆಚ್ಚು ಜನ ನೋಡಿರುವ ಬೇಸ್ ಗಿಟಾರ್ ಫೋಟೋಗಳಲ್ಲಿ ಅದೊಂದು. ಆದರೆ ಅದು ಬೇಸ್ ಅಂತ ನೋಡಿದವರಿಗೇ ಗೊತ್ತಿಲ್ಲ.

ನಾಲ್ಕುತಂತಿ
ಇದು ನನ್ನ ವಾದಕ್ಕೇ ಬಲ ಕೊಡ್ತಲ್ಲ ಸಾರ್. ಫೋಟೋ ಪ್ರಸಿದ್ಧ, ವಾದ್ಯ ಅನಾಮಿಕ.

ವಕೀಲಮ್ಮ
ಸಂಗೀತ ನನಗೆ ಅಷ್ಟಕ್ಕಷ್ಟೆ. ಆದರೆ ಇದೇ ಪ್ರಶ್ನೆ ಅಮೆರಿಕದಲ್ಲಿ ಕಾನೂನಿನ ಕಟ್ಟೆ ಹತ್ತಿದೆ, ಅದನ್ನು ಹೇಳದೆ ಇರಲಾಗುತ್ತಿಲ್ಲ.

ಫೆಂಡರ್ ಕಂಪನಿ ತನ್ನ ಮೂರು ವಾದ್ಯಗಳ ದೇಹದ ಆಕಾರಕ್ಕೆ ಟ್ರೇಡ್‌ಮಾರ್ಕ್ ಬೇಕು ಅಂತ 2003ರಲ್ಲಿ ಅರ್ಜಿ ಹಾಕಿತು. ಸ್ಟ್ರಾಟೊಕ್ಯಾಸ್ಟರ್, ಟೆಲಿಕ್ಯಾಸ್ಟರ್, ಮತ್ತು ನೀವು ಹೇಳುತ್ತಿರುವ ಪ್ರಿಸಿಶನ್ ಬೇಸ್. ಬೇರೆ ಗಿಟಾರ್ ತಯಾರಕರು ಒಟ್ಟಾಗಿ ವಿರೋಧಿಸಿದರು. ಅಲ್ಲಿ ಕೇಳುವ ಪ್ರಶ್ನೆ ಏನು ಗೊತ್ತಾ? ಈ ಆಕಾರ ನೋಡಿದ ಕೂಡಲೇ ಗ್ರಾಹಕರಿಗೆ ಒಂದೇ ಕಂಪನಿ ನೆನಪಾಗುತ್ತದೆಯೇ, ಇಲ್ಲವೇ? ಹೆಚ್ಚು ಕಡಿಮೆ ನಾಲ್ಕುತಂತಿ ಅವರ ಪ್ರಶ್ನೆಯೇ. 2009ರಲ್ಲಿ ಟ್ರೇಡ್‌ಮಾರ್ಕ್ ಮಂಡಳಿ ಫೆಂಡರ್ ವಿರುದ್ಧ ತೀರ್ಪು ಕೊಟ್ಟಿತು. ಇಷ್ಟೊಂದು ಕಂಪನಿಗಳು ವರ್ಷಗಟ್ಟಲೆ ಅದೇ ಆಕಾರದಲ್ಲಿ ಮಾಡಿ ಮಾರಿವೆ, ಆಕಾರ ನೋಡಿ ಇದು ಫೆಂಡರೇ ಅಂತ ಯಾರೂ ಹೇಳಲಾರರು ಅನ್ನುವುದು ಅದರ ತಾತ್ಪರ್ಯ.

ಅಂದರೆ ಪ್ರಿಸಿಶನ್ ಸೋತದ್ದು ಯಾರಿಗೂ ಗೊತ್ತಿಲ್ಲ ಅಂತ ಅಲ್ಲ. ಎಲ್ಲರೂ ಅದನ್ನೇ ನಕಲು ಮಾಡಿದರು ಅಂತ. ಯಾರಿಗಾದರೂ ‘ಒಂದು ಬೇಸ್ ಗಿಟಾರ್ ಚಿತ್ರ ಬರಿ’ ಅಂದರೆ ಬರೆಯುವುದು ಅದನ್ನೇ.

ಆರ್ಕೆಸ್ಟ್ರಾ ರಾಜ
ಮೇಡಂ, ಇದು ಕೇಳಿ ತಲೆ ಗಿರ್ ಅಂತು. ನನ್ನ ಹತ್ತಿರ ಇದ್ದದ್ದೂ ಅದೇ ಆಕಾರದ್ದು, ಹೆಸರೇ ಇಲ್ಲದ ಕಂಪನಿಯದು.

ಹಳೇಕ್ಯಾಸೆಟ್
ವಕೀಲಮ್ಮ ಅವರ ಮಾತಿಗೆ ಒಂದು ತಿದ್ದುಪಡಿ. ಆ ತೀರ್ಪು ಬರೀ ದೇಹದ ಆಕಾರಕ್ಕೆ. ತಂತಿ ಬಿಗಿಯುವ ಬಿರಡೆಗಳಿರುತ್ತಲ್ಲ, ಆ ತಲೆಭಾಗದ ಆಕಾರದ ಹಕ್ಕು ಫೆಂಡರ್ ಕೈಯಲ್ಲೇ ಇದೆ. ಬೇರೆ ಕಂಪನಿಗಳ ನಕಲುಗಳಲ್ಲಿ ತಲೆ ಸ್ವಲ್ಪ ಬೇರೆ ಥರ ಇರುವುದು ಅದಕ್ಕೇ. ಗೊತ್ತಿರುವವರು ಮೊದಲು ನೋಡುವುದು ತಲೆಯನ್ನೇ.

ವಕೀಲಮ್ಮ
ಸರಿ. ಗೊತ್ತಿರುವವರು ನೋಡ್ತಾರೆ. ಇಲ್ಲಿನ ಪ್ರಶ್ನೆ ಗೊತ್ತಿಲ್ಲದವರದ್ದು.

ಮಲೆನಾಡ್ ಮೆಟಲ್
ಹಾಗಿದ್ರೆ ಗಿಟಾರ್ ಮಾಡುವ ರಿಕನ್‌ಬ್ಯಾಕರ್ ಕಂಪನಿ ಯಾಕೆ ಅಷ್ಟು ಹುಷಾರಾಗಿದೆ ಅಂತ ಈಗ ಅರ್ಥ ಆಯ್ತು. ಅದರ 4001 ಬೇಸ್ ಮಾಡೆಲ್ಲಿನ ಆಕಾರವನ್ನು ಬೇರೆಯವರು ನಕಲು ಮಾಡಿದರೆ ವಕೀಲರ ನೋಟಿಸ್ ಗ್ಯಾರಂಟಿ. ಯೆಸ್ ಬ್ಯಾಂಡಿನ ಕ್ರಿಸ್ ಸ್ಕ್ವೈರ್, ಮೋಟರ್‌ಹೆಡ್ ಲೆಮ್ಮಿ, ಮೆಟಾಲಿಕಾದ ಕ್ಲಿಫ್ ಬರ್ಟನ್, ರಶ್‌ನ ಗೆಡ್ಡಿ ಲೀ, ಎಲ್ಲರ ಕೈಯಲ್ಲೂ ರಿಕನ್‌ಬ್ಯಾಕರ್ ಇತ್ತು. ಅಲೆಯಂತೆ ಬಾಗಿದ ಆ ಕೊಂಬುಗಳನ್ನು ಒಮ್ಮೆ ನೋಡಿದರೆ ಸಾಕು. ನನ್ನ ವೋಟು ಅದಕ್ಕೇ. ಮೆಕಾರ್ಟ್ನಿ ಕೂಡ 1965ರಿಂದ ರೆಕಾರ್ಡಿಂಗ್‌ಗೆ ಅದನ್ನೇ ಬಳಸಿದ್ದು ಜಾಸ್ತಿ.

ಟೊರಾಂಟೊ ಕನ್ನಡಿಗ
ಲೆಮ್ಮಿಯ ಮುಖ, ಮೀಸೆ, ಟೋಪಿ ಎಲ್ಲರಿಗೂ ಗೊತ್ತು. ಬೇಸ್? ನನ್ನ ಹೆಂಡತಿಗೆ ಈಗಷ್ಟೇ ರಿಕನ್‌ಬ್ಯಾಕರ್ ಫೋಟೋ ತೋರಿಸಿದೆ. ‘ಚೆನ್ನಾಗಿದೆ, ತಗೊಳ್ಳಬೇಡಿ’ ಅಂದಳು.

ಸುಮ್ನೆಓದುಗ
ಈ ಇಡೀ ಚರ್ಚೆಯ ಅತ್ಯುತ್ತಮ ಉತ್ತರ.

ರಾಗಮಾಲಿಕೆ
ನೀವೆಲ್ಲ ವಿದೇಶಿ ವಾದ್ಯಕ್ಕೆ ಅಳ್ತಿದ್ದೀರಿ. ನಮ್ಮವರಲ್ಲಿ ಎಷ್ಟು ಜನಕ್ಕೆ ವೀಣೆ ಮತ್ತು ಸಿತಾರ್ ವ್ಯತ್ಯಾಸ ಗೊತ್ತು? ಸರಸ್ವತಿ ಪೂಜೆಯ ವಾಟ್ಸ್ಯಾಪ್ ಚಿತ್ರಗಳನ್ನು ನೋಡಿ. ದೇವಿಯ ಕೈಯಲ್ಲಿ ಎಷ್ಟೋ ಸಲ ಸಿತಾರ್ ಇರುತ್ತೆ. ಮೈಸೂರಿನಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುವವರು ಈ ಚಿತ್ರ ನೋಡಿದರೆ ಏನನ್ನಬೇಕು?

ಯು. ಶ್ರೀನಿವಾಸ್ ನುಡಿಸುತ್ತಿದ್ದ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನೋಡಿ ‘ಮಕ್ಕಳ ಗಿಟಾರ್’ ಅಂದವರನ್ನು ನಾನೇ ಕಂಡಿದ್ದೇನೆ. ಕಛೇರಿ ಶುರುವಾದ ಮೇಲೆ ಅವರ ಬಾಯಿ ಮುಚ್ಚಿತು, ಆ ಮಾತು ಬೇರೆ.

ಆರ್ಕೆಸ್ಟ್ರಾ ರಾಜ
ಸ್ಯಾಕ್ಸೋಫೋನ್ ಮಾತ್ರ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಕದ್ರಿ ಗೋಪಾಲನಾಥ್ ಅವರ ಪುಣ್ಯ. ಮದುವೆ ಮನೆಯಲ್ಲಿ ಅದನ್ನು ನೋಡಿ ಯಾರೂ ‘ಇದೇನು’ ಅಂತ ಕೇಳಲ್ಲ.

ಕುಡ್ಲ ಕೊಯರ್
ಮಂಗಳೂರು ಕಡೆ ಬೇಸ್ ಗಿಟಾರ್ ಕೂಡ ಗೊತ್ತು ಮಾರಾಯ್ರೆ. ಇಲ್ಲಿನ ಇಗರ್ಜಿಗಳ ಕೊಯರ್‌ನಲ್ಲಿ, ಮದುವೆಯ ಬ್ಯಾಂಡಿನಲ್ಲಿ ಬೇಸ್ ಇದ್ದೇ ಇರುತ್ತದೆ. ನನ್ನ ಅಮ್ಮನಿಗೆ ಲೀಡ್ ಯಾವುದು, ಬೇಸ್ ಯಾವುದು ಅಂತ ಸ್ಪಷ್ಟವಾಗಿ ಗೊತ್ತು. ಹೋಫ್ನರ್ ಗೊತ್ತಾ ಅಂತ ಕೇಳಬೇಡಿ. ಅವರಿಗೆ ಗೊತ್ತಿರುವುದು ‘ಮಗ ನುಡಿಸುವ ದೊಡ್ಡ ಗಿಟಾರ್’.

ನಾಲ್ಕುತಂತಿ
ವಿಷಯ ವೀಣೆಯಿಂದ ಇಗರ್ಜಿಗೆ ಹೋಯ್ತು. ವಾಪಸ್ ಬನ್ನಿ ಎಲ್ಲರೂ.

ಹಳೇಕ್ಯಾಸೆಟ್
ಬರ್ತೀನಿ, ಆದರೆ ಒಂದು ಮಾತು ಹೇಳಿ. ನಮ್ಮ ಜನಕ್ಕೆ ಬೇಸ್ ಕಣ್ಣಿಗೆ ಗೊತ್ತಿಲ್ಲ, ಕಿವಿಗೆ ಗೊತ್ತು. ಇಳಯರಾಜ ಅವರ ಹಾಡು ಕೇಳಿ. 1981ರ ‘ಗೀತಾ’ ಚಿತ್ರದ ಹಾಡುಗಳಲ್ಲಿ ಬೇಸ್ ತೆಗೆದುಬಿಟ್ಟರೆ ಅರ್ಧ ಜೀವ ಹೋಯ್ತು. ಎಷ್ಟೋ ಜನ ಪಲ್ಲವಿ ಜೊತೆ ಬೇಸನ್ನೂ ಬಾಯಲ್ಲಿ ‘ಡುಂ ಡುಡುಂ’ ಅಂತ ಹೇಳಿಕೊಳ್ಳುತ್ತಾರೆ. ಅದನ್ನು ನುಡಿಸುವ ವಾದ್ಯ ಯಾವುದು ಅಂತ ಕೇಳಿದರೆ ತಬಲಾ ಅಂತಾರೆ.

ಮಲೆನಾಡ್ ಮೆಟಲ್
ಚೆನ್ನೈನ ಕೀತ್ ಪೀಟರ್ಸ್ ಎ.ಆರ್. ರೆಹಮಾನ್ ಹಾಡುಗಳಿಗೆ ಬೇಸ್ ನುಡಿಸಿದ್ದನ್ನು ಎಲ್ಲರೂ ಕೇಳಿದ್ದಾರೆ. ಅವರ ಹೆಸರು ಹೇಳಿದರೆ ‘ಯಾರು?’ ಅಂತಾರೆ. ಬೇಸ್ ವಾದಕಿ ಮೋಹಿನಿ ಡೇ ವಿಡಿಯೋಗಳು ಬಂದ ಮೇಲೆ ಸ್ವಲ್ಪ ಬದಲಾಗಿದೆ. ಈಗ ಕನಿಷ್ಠ ‘ಆ ಹುಡುಗಿ ಸಖತ್ತಾಗಿ ಏನೋ ಬಾರಿಸ್ತಾಳೆ’ ಅನ್ನುವಷ್ಟಾದರೂ ಗೊತ್ತು.

2011ರಲ್ಲಿ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ನಾನಿದ್ದೆ. ರಾಬರ್ಟ್ ಟ್ರುಹಿಯೊ ಬೇಸನ್ನು ಮಂಡಿಯ ಹತ್ತಿರ ನೇತುಹಾಕಿಕೊಂಡು ಏಡಿ ಥರ ನಡೆಯುತ್ತಿದ್ದರು. ಪಕ್ಕದವನು, ಅದೂ ಮೆಟಾಲಿಕಾ ಟೀ ಶರ್ಟ್ ಹಾಕಿಕೊಂಡವನು, ‘ಮಗಾ, ಆ ಗಿಟಾರಿಸ್ಟ್ ಬೆಲ್ಟ್ ಲೂಸಾಗಿದೆ’ ಅಂದ. ಅಭಿಮಾನಿಗಳ ಕಥೆಯೇ ಹೀಗೆ. ಇನ್ನು ಸಾಮಾನ್ಯ ಜನ?

ಟೊರಾಂಟೊ ಕನ್ನಡಿಗ
ಟ್ರುಹಿಯೊ ಹೆಸರು ಬಂದದ್ದು ಒಳ್ಳೆಯದಾಯ್ತು. ಗುರುತು ಸಿಗುವುದಕ್ಕೂ ಕಳ್ಳತನಕ್ಕೂ ಒಂದು ನಂಟಿದೆ. ಮೂರು ಬೇಸ್‌ಗಳ ಕಥೆ ಹೇಳುತ್ತೇನೆ, ನೀವೇ ನೋಡಿ.

ಮೊದಲನೆಯದು ಮೆಕಾರ್ಟ್ನಿಯ 1961ರ ಹೋಫ್ನರ್. 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನಿಂದ ಕದ್ದರು. ಐವತ್ತು ವರ್ಷ ಪತ್ತೆಯೇ ಇಲ್ಲ. ಮತ್ತೆ ಹುಡುಕಾಟ ಶುರುವಾಗಿ, ಜನರನ್ನು ಮಾಹಿತಿ ಕೇಳಿದ ಮೇಲೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ವಾಪಸ್ ಬಂದ ಸುದ್ದಿ ಹೊರಬಿದ್ದದ್ದು 2024ರ ಫೆಬ್ರವರಿಯಲ್ಲಿ. ಕದ್ದವನು ಅದನ್ನು ಯಾವ ಅಂಗಡಿಗೆ ತಗೊಂಡು ಹೋಗಬೇಕಿತ್ತು? ಎಡಗೈಯವರ ಪಿಟೀಲು ಬೇಸ್ ನೋಡಿದ ತಕ್ಷಣ ಅಂಗಡಿಯವನಿಗೆ ಅನುಮಾನ ಬರುತ್ತಿತ್ತು.

ಎರಡನೆಯದು ಅಮೆರಿಕದ ಬೇಸ್ ವಾದಕ ಜೇಕೊ ಪಾಸ್ಟೋರಿಯಸ್ ಅವರ 1962ರ ಜ್ಯಾಝ್ ಬೇಸ್. ಅದರ ಫ್ರೆಟ್‌ಗಳನ್ನು, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು, ಕಿತ್ತುಹಾಕಿದ್ದರು. ಪಿಟೀಲಿನ ಹಾಗೆ ಸ್ವರ ಜಾರುತ್ತಿತ್ತು. 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳವಾಯ್ತು. ಮರುವರ್ಷ ಅವರೇ ತೀರಿಕೊಂಡರು, 35 ವರ್ಷಕ್ಕೆ. ಎಷ್ಟೋ ವರ್ಷದ ಮೇಲೆ ಬೇಸ್ ಸಿಕ್ಕಿತು. ಯಾರದ್ದು ಅಂತ ಜಗಳವೂ ಆಯ್ತು. ಕೊನೆಗೆ ದುಡ್ಡು ಕೊಟ್ಟು ಬಿಡಿಸಿದವರು ಇದೇ ಟ್ರುಹಿಯೊ.

ಮೂರನೆಯದು ಡೆಟ್ರಾಯಿಟ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಶನ್. ಮೋಟೌನ್ ರೆಕಾರ್ಡ್ ಕಂಪನಿಯ ಲೆಕ್ಕವಿಲ್ಲದಷ್ಟು ಹಿಟ್ ಹಾಡುಗಳಲ್ಲಿ ಕೇಳುವುದು ಅದೇ ವಾದ್ಯ. 1983ರಲ್ಲಿ ಅವರು ಸಾಯುವ ಸ್ವಲ್ಪ ಮುಂಚೆ ಕಳವಾಯ್ತು. ಇವತ್ತಿಗೂ ಸಿಕ್ಕಿಲ್ಲ. ಅಂಚು ಕಪ್ಪು, ನಡುವೆ ಹಳದಿ, ಸಾವಿರಾರು ಪ್ರಿಸಿಶನ್‌ಗಳು ಹಾಗೇ ಇರುತ್ತವೆ. ಯಾರ ಮನೆಯ ಮೂಲೆಯಲ್ಲಿದೆಯೋ, ಇಟ್ಟುಕೊಂಡವರಿಗೂ ಗೊತ್ತಿಲ್ಲದೆ ಇರಬಹುದು.

ಆರ್ಕೆಸ್ಟ್ರಾ ರಾಜ
ಜೇಮರ್ಸನ್ ತಂತಿ ಬದಲಾಯಿಸುತ್ತಲೇ ಇರಲಿಲ್ಲವಂತೆ. ತುಂಡಾದರೆ ಮಾತ್ರ. ನಾನೂ ಹಾಗೇ, ಕಾರಣ ಬೇರೆ.

ರಾಗಮಾಲಿಕೆ
ಈ ಜೇಮರ್ಸನ್ ಅವರ ಕಥೆ ಬೇಜಾರು ತಂತು. ಅಷ್ಟು ಹಾಡಿಗೆ ನುಡಿಸಿದವರ ಹೆಸರು ರೆಕಾರ್ಡಿನ ಮೇಲಾದರೂ ಇತ್ತಾ?

ಟೊರಾಂಟೊ ಕನ್ನಡಿಗ
ಬಹಳ ವರ್ಷ ಇರಲಿಲ್ಲ ಮೇಡಂ. ಮೋಟೌನ್ ರೆಕಾರ್ಡುಗಳಲ್ಲಿ ಗಾಯಕರ ಹೆಸರು ಇರುತ್ತಿತ್ತು, ವಾದ್ಯದವರದ್ದು ಇಲ್ಲ. 1970ರ ದಶಕ ಬಂದ ಮೇಲೆ ಹಾಕಲು ಶುರು ಮಾಡಿದರು.

ರಾಗಮಾಲಿಕೆ
ಹಾಗಾದರೆ ಸಾಮಾನ್ಯ ಜನರನ್ನು ಬೈದು ಏನು ಪ್ರಯೋಜನ? ಕಂಪನಿಯೇ ಹೆಸರು ಮುಚ್ಚಿಟ್ಟರೆ ಜನ ಎಲ್ಲಿಂದ ತಿಳಿಯಬೇಕು. ನಮ್ಮ ಹಳೇ ಕ್ಯಾಸೆಟ್‌ಗಳ ಕವರಿನಲ್ಲೂ ಸಂಗೀತ ನಿರ್ದೇಶಕರು, ಗಾಯಕರು, ಸಾಹಿತ್ಯ, ಅಷ್ಟೇ.

ಹಳೇಕ್ಯಾಸೆಟ್
ನನ್ನ ಹೆಸರು ಎಳೆದದ್ದಕ್ಕೆ ಹೇಳುತ್ತೇನೆ. ಪೆಟ್ಟಿಗೆ ತುಂಬಾ ಕ್ಯಾಸೆಟ್ ಇವೆ. ಬೇಸ್ ನುಡಿಸಿದವರ ಹೆಸರು ಇರುವ ಒಂದೇ ಒಂದು ಕನ್ನಡ ಚಿತ್ರಗೀತೆ ಕ್ಯಾಸೆಟ್ ಅದರಲ್ಲಿಲ್ಲ.

ಪಿಯುಸಿ ಪಾಸ್
ಅದಕ್ಕೇ ಹೇಳಿದ್ದು, ಕಾರ್ಟೂನೇ ವಾಸಿ. ಅಲ್ಲಿ ಪಾತ್ರದ ಜೊತೆ ಬೇಸನ್ನೂ ಪೂರ್ತಿ ತೋರಿಸ್ತಾರೆ.

ನಾಲ್ಕುತಂತಿ
ಎಲ್ಲರ ಮಾತು ಕೇಳಿದ ಮೇಲೂ ನನ್ನ ಉತ್ತರ ಒಂದೇ, ಹೋಫ್ನರ್. ಆದರೆ ಕಾರಣ ಮಾತ್ರ ವಕೀಲಮ್ಮ ಹೇಳಿದ್ದು. ಬೇರೆಯವರು ಅದನ್ನು ಪ್ರಿಸಿಶನ್ನಿನಷ್ಟು ನಕಲು ಮಾಡಲಿಲ್ಲ, ಅದಕ್ಕೇ ಒಬ್ಬರ ಹೆಸರಿಗೆ ಅಂಟಿಕೊಂಡಿತು.

ಮಲೆನಾಡ್ ಮೆಟಲ್
ಹೋಫ್ನರ್‌ಗೂ ನಕಲು ಬೇಕಾದಷ್ಟಿವೆ. ಜಪಾನಿನಲ್ಲಿ 60ರ ದಶಕದಲ್ಲೇ ಮಾಡಿದ್ದಾರೆ. ನಕಲು ನೋಡಿದರೂ ಜನ ಮೆಕಾರ್ಟ್ನಿ ಅಂತಲೇ ಅಂತಾರೆ. ಹಾಗಾಗಿ ನಿಮ್ಮ ಕಾರಣ ನಿಲ್ಲಲ್ಲ. ಟಿವಿಯಲ್ಲಿ ಆ ಮನುಷ್ಯ ಅದನ್ನು ಬಿಡದೆ ಹಿಡಿದುಕೊಂಡ, ಅಷ್ಟೇ.

ವಕೀಲಮ್ಮ
ಎರಡೂ ಕಾರಣ ಒಟ್ಟಿಗೆ ಇರಬಹುದಲ್ವಾ? ಜಗಳ ಯಾಕೆ?

ಮಲೆನಾಡ್ ಮೆಟಲ್
ವಕೀಲರು ‘ಜಗಳ ಯಾಕೆ’ ಅಂದದ್ದು ಇದೇ ಮೊದಲು ಕೇಳಿದ್ದು 😂

ಕುಡ್ಲ ಕೊಯರ್
ಸ್ವಲ್ಪ ಬೇರೆ ವಿಷಯ. ತಂಗಿಗೆ ಬೇಸ್ ಕಲಿಯುವ ಆಸೆ. ಕೈ ಚಿಕ್ಕದು. ಹೋಫ್ನರ್ ಥರದ್ದೇ ತೆಗೆಸಿಕೊಡು ಅಂತಾಳೆ, ಚೆಂದ ಕಾಣುತ್ತದೆ ಅಂತ. ತಗೊಳ್ಳಬಹುದಾ?

ಹಳೇಕ್ಯಾಸೆಟ್
ಧಾರಾಳವಾಗಿ. ಒಳಗೆ ಟೊಳ್ಳು, ಹಾಗಾಗಿ ತುಂಬಾ ಹಗುರ. ತಂತಿಯ ಉದ್ದ 30 ಇಂಚು, ಫೆಂಡರ್ 34. ಚಿಕ್ಕ ಕೈಗೆ ಅನುಕೂಲ. ಹೋಫ್ನರ್ ಕಂಪನಿಯದ್ದೇ ಕಡಿಮೆ ಬೆಲೆಯ ಇಗ್ನಿಷನ್ ಮಾಡೆಲ್ ಇದೆ, ಅದನ್ನು ನೋಡಿ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಒಮ್ಮೆ ಕೂತು ನುಡಿಸಲಿ. ವಾದ್ಯ ತನ್ನ ಕತ್ತಿನ ಕಡೆಗೆ ವಾಲುತ್ತದೆ, ಅದು ಎಲ್ಲರಿಗೂ ಇಷ್ಟ ಆಗಲ್ಲ.

ಆರ್ಕೆಸ್ಟ್ರಾ ರಾಜ
ಮೊದಲು ಆಂಪ್‌ಗೆ (ಶಬ್ದ ಜೋರು ಮಾಡುವ ಪೆಟ್ಟಿಗೆ) ದುಡ್ಡು ಎತ್ತಿಡಿ. ಎಲ್ಲರೂ ವಾದ್ಯಕ್ಕೆ ಸುರಿದು, ಆಮೇಲೆ ಮನೆಯ ಸ್ಟೀರಿಯೋಗೆ ಬೇಸ್ ಚುಚ್ಚಿ ಸ್ಪೀಕರ್ ಹಾರಿಸಿಕೊಳ್ತಾರೆ. ಮತ್ತೆ ಸ್ಟ್ರಾಪ್ ಅಗಲದ್ದು ತಗೊಳ್ಳಿ.

ಕುಡ್ಲ ಕೊಯರ್
ಸ್ಪೀಕರ್ ಆಗಲೇ ಹೋಗಿದೆ ಮಾರಾಯ್ರೆ. ಅಪ್ಪನಿಗೆ ಇನ್ನೂ ಹೇಳಿಲ್ಲ.